ಗರಗಸದ ಮೇಲೆ ಎಳೆದ ಗೆರೆ

ಮಕ್ಕಳಿಗೆ ಅಕ್ಷರ ತಿದ್ದಿಸು ಎಂದು ನನ್ನನ್ನು ಯಾರೂ ನೌಕರಿಗೆ ಇಟ್ಟುಕೊಂಡಿರಲಿಲ್ಲ. ಒಂದು ದೀಪಾವಳಿಗೆ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿದೆ. ಅದು ಒಣಗಿದ ಮೇಲೆ ಬಾಗಿಲ ಪಕ್ಕದಲ್ಲಿ ಕೆಮ್ಮಣ್ಣಿನಿಂದ ‘ತಾಯಿ, ನಿನ್ನ ಕೃಪೆ ಇರಲಿ’ ಎಂದು ಕನ್ನಡದಲ್ಲಿ ಬರೆದೆ. ಅಷ್ಟೇ. ಹಬ್ಬ ಮುಗಿದು ಶಾಲೆ ಸುರುವಾದಾಗ ಕನ್ನಡ ವರ್ಗದ ಮಾಸ್ತರರು ಆ ದಾರಿಯಲ್ಲಿ ಹೊರಟವರು ಸೈಕಲ್ ಇಳಿದು ಗೋಡೆಯ ಮುಂದೆ ನಿಂತುಬಿಟ್ಟರು.

“ಇದ ಯಾರ ಕೈರೀ?”

“ನಂದರೀ. ತಪ್ಪ ಆಗೇತೇನ್ರಿ?”

“ತಪ್ಪ ಎಲ್ಲಿಂದ ಬಂತ್ರಿ ಅಕ್ಕಾರ! ಇಂಥಾ ದುಂಡನ್ನ ಅಕ್ಷರ ಇಚಲಕರಂಜ್ಯಾಗ ನೋಡಿ ಯಾ ಕಾಲ ಆತೊ. ನಮ್ಮ ಹುಡುಗೂರು ಬರದದ್ದ ನೋಡಿದ್ರ ಕೋಳಿ ಕೆದರಿದಂಗ ಇರತೈತಿ. ಮಧ್ಯಾಹ್ನ ಒಂದ ತಾಸ ನಿಮ್ಮ ಪಡಸಾಲ್ಯಾಗ ಕುಂಡ್ರಿಸ್ಕೊಂಡ ತಿದ್ದಸ್ರಿ. ಪುಣ್ಯಾ ಬರತೈತಿ.”

ಪುಣ್ಯ ಬರುತ್ತದೆ ಎಂದ ಮೇಲೆ ನಾನು ಒಲ್ಲೆ ಎನ್ನುವವಳಲ್ಲ.

ನನ್ನ ತವರು ಗಡಹಿಂಗ್ಲಜ ಕಡೆಯ ಹಳ್ಳಿ. ಕುರಿ ಸಾಕಿಕೊಂಡು, ಇದ್ದ ತುಂಡು ಹೊಲ ಮಾಡಿಕೊಂಡಿದ್ದ ಮನೆ. ನಾಲ್ಕನೇ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ಆದರೆ ನಮ್ಮಪ್ಪ ಊರಿನ ಭಜನೆಯವರಲ್ಲಿ ಒಬ್ಬ. ಹಾಡುಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಿತ್ತು. ಕಣ್ಣು ಮಂಜಾದ ಮುದುಕರೂ ಕಂದೀಲಿನ ಬೆಳಕಿನಲ್ಲಿ ಓದಬೇಕು, ಹಾಗಾಗಿ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯಬೇಕು. ಹಾಗೆ ಕೈ ಕುದುರಿತು. ಅದನ್ನು ನಾನು ಗಳಿಸಿದ್ದು ಎಂದುಕೊಂಡವಳೇ ಅಲ್ಲ. ಕೊಟ್ಟವಳು ಅವಳು, ಕೊಲ್ಹಾಪುರದ ತಾಯಿ.

ಮದುವೆಯಾಗಿ ಬಂದ ಮನೆ ಮರಾಠಿ ಸೀಮೆಯ ಇಚಲಕರಂಜಿಯಲ್ಲಿ, ಕಬನೂರ ಕಡೆಯದು. ಎರಡು ಕೋಣೆ, ಮುಂದೊಂದು ಪಡಸಾಲೆ. ನನ್ನ ಗಂಡ ಮತ್ತು ಮೈದುನ ಇಬ್ಬರೂ ಒಂದೇ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಿದ್ದರು, ಒಬ್ಬರು ಹಗಲುಪಾಳಿ, ಒಬ್ಬರು ರಾತ್ರಿಪಾಳಿ. ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಮನೆಯಲ್ಲೇ ಕೂತು ರಾಟಿಯ ಮೇಲೆ ಮಗ್ಗಕ್ಕೆ ಬೇಕಾದ ನೂಲಿನ ಕಾಂಡಿ ತುಂಬುತ್ತಿದ್ದಳು. ಅವಳಿಗೆ ಓದು ಬರಹ ಬಾರದು. ಅವಳಿಗೊಬ್ಬಳು ಮಗಳು. ನನಗೆ ಮಕ್ಕಳಾಗಲಿಲ್ಲ. ಆದರೆ ಒಲೆ ಒಂದೇ ಇತ್ತು, ಹುಡುಗಿ ಇಬ್ಬರ ಮಡಿಲಲ್ಲೂ ಬೆಳೆದಳು. ನನ್ನನ್ನು ದೊಡ್ಡವ್ವ ಎಂದು ಕರೆಯುತ್ತಿದ್ದಳು. ಅದೂ ಒಂದು ಕೃಪೆ ಎಂದೇ ಇದ್ದೆ.

ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದಿಡುವ ಹೊತ್ತಿಗೆ ಮಕ್ಕಳು ಬರುತ್ತಿದ್ದರು. ಎಲ್ಲರೂ ಮಗ್ಗದವರ ಮಕ್ಕಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಪಂಚಗಂಗೆಯ ಮರಳನ್ನು ಜರಡಿ ಹಿಡಿದು ತಾಮ್ರದ ಪರಾತದಲ್ಲಿ ಹರವಿ ಇಡುತ್ತಿದ್ದೆ. ಮೊದಲು ಬೆರಳಿನಿಂದ ಮರಳಲ್ಲಿ ಬರೆಯಬೇಕು. ಕೈ ಹದಕ್ಕೆ ಬಂದ ಮೇಲೆ ಪಾಟಿ, ಬಳಪ. ಅಕ್ಷರ ಹೇಳಿಕೊಡುವ ಮೊದಲು ಬರೀ ಸೊನ್ನೆ ಬರೆಸುತ್ತಿದ್ದೆ. “ರೊಟ್ಟಿ ತಟ್ಟಿದಂಗ ಬರಲಿ. ಅಂಚ ಹರೀಬಾರದು, ಡೊಂಕ ಆಗಬಾರದು.” ಸೊನ್ನೆ ದುಂಡಗೆ ಬಂದ ಮಗುವಿಗೆ ಕನ್ನಡದ ಅರ್ಧ ಅಕ್ಷರಗಳು ಬಂದ ಹಾಗೆಯೇ. ಆಮೇಲೆ ತಲೆಕಟ್ಟು. “ಪ್ರತಿಯೊಬ್ಬ ಮನಶಾಗೂ ಅವನ ರುಮಾಲ ಅವನ ತಲಿಮ್ಯಾಗ ಇರಬೇಕು. ಹೌದಿಲ್ಲೋ?” ಎಂದರೆ ಮಕ್ಕಳು “ಹೌದ್ರೀ” ಎಂದು ಕೂಗುತ್ತಿದ್ದವು.

ಓಣಿಯ ಅಂಗಡಿಗಳ ಮೇಲೆಲ್ಲ ಮರಾಠಿ ಹಲಗೆ. ಹಾಗಾಗಿ ಎರಡು ಬರಹದ ಅಂತರವನ್ನು ಮಕ್ಕಳೇ ಕಂಡುಕೊಂಡಿದ್ದರು. ಮರಾಠಿ ಅಕ್ಷರಗಳು ಗೆರೆಗೆ ಜೋತುಬಿದ್ದಿರುತ್ತವೆ, ಹಗ್ಗದ ಮೇಲೆ ಒಣಹಾಕಿದ ಅರಿವೆಯ ಹಾಗೆ. ನಮ್ಮವು ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತವೆ, ಊಟದ ಪಂಕ್ತಿಯ ಹಾಗೆ. “ದೊಡ್ಡವ್ವಾ, ನಮ್ಮ ಅಕ್ಷರ ಉಣ್ಣಾಕ ಕುಂತಾವ” ಎಂದವಳು ನನ್ನ ಹುಡುಗಿಯೇ. ಅವಳ ಕೈ ಎಲ್ಲರಿಗಿಂತ ಚೆಂದ. ಮುಂದಿನ ಜೂನಿನಲ್ಲಿ ಅವಳೂ ಒಂದನೇ ಇಯತ್ತೆಗೆ ಸೇರಿದಾಗ, ಮಾಸ್ತರರ ಕೈಕೆಳಗೆ ಕಲಿಯುತ್ತಾಳೆ ಎಂದು ನನಗೆ ಹಿಗ್ಗು. ಮಾಸ್ತರರು ವಾರಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಚಹ ಕುಡಿದು, “ಇಕಿ ನಮ್ಮ ವರ್ಗದ ಬಂಗಾರರೀ ಅಕ್ಕಾರ” ಎನ್ನುತ್ತಿದ್ದರು.

ಕನ್ನಡ ವರ್ಗ ನಡೆಯುತ್ತಿದ್ದದ್ದು ಮರಾಠಿ ಶಾಲೆಯ ಆವಾರದಲ್ಲೇ, ಹಿಂದಿನ ಕೋಣೆಯಲ್ಲಿ. ಗೇಟು ಒಂದೇ. ಮಕ್ಕಳು ಕಡಿಮೆಯಾಗುತ್ತ ಬಂದಿದ್ದರು. ಹೀಗೇ ಆದರೆ ವರ್ಗ ಮುಚ್ಚುತ್ತಾರೆ ಎಂದು ಮಾಸ್ತರರು ಒಂದು ದಿನ ಕಣ್ಣಲ್ಲಿ ನೀರು ತಂದರು. ಶಾಲೆ ಸುರುವಾದ ಅದೇ ಜೂನ್ ತಿಂಗಳಲ್ಲಿ ಅವರ ಜೊತೆ ನಾನೂ ಮನೆಮನೆಗೆ ತಿರುಗಿದೆ. ಸೆರಗು ಹೊದ್ದುಕೊಂಡು ಮಳೆಯಲ್ಲಿ ನಿಂತು, “ಹುಡುಗೂರ್ನ ಕನ್ನಡಕ್ಕ ಹಾಕ್ರಿ, ಮನಿ ಮಾತು ಮರೀಬಾರದ್ರಿ” ಎಂದು ಕೇಳಿಕೊಂಡೆ. ಕೆಲವರು ಆಗಲಿ ಎಂದರು. ಮೂಲೆಮನೆಯ ಮುದುಕಿ ಮಾತ್ರ ಎಲೆ ಅಡಿಕೆ ಕುಟ್ಟುತ್ತ ನನ್ನ ಮೋರೆ ನೋಡಿ ನಕ್ಕಳು.

“ಯವ್ವಾ, ಊರ ದೀಪಾ ಹಚ್ಚಾಕ ಹೊಂಟಿ. ಮನ್ಯಾಗಿನ ಹಣತಿ ಎಲ್ಲೈತಿ ನೋಡಿಕೊಂಡಿಯಿಲ್ಲೊ?”

ನನಗೆ ತಿಳಿಯಲಿಲ್ಲ. ಮಕ್ಕಳಿಲ್ಲದವಳು ಎಂದು ಚುಚ್ಚಿದಳು ಎಂದುಕೊಂಡೆ. ಅಂಥ ಮಾತು ಕೇಳಿ ಕಿವಿ ಗಟ್ಟಿಯಾಗಿತ್ತು. ಮಾಸ್ತರರು ಕೊಡೆ ಬಿಚ್ಚುವುದರಲ್ಲಿ ತೊಡಗಿ, “ನಡೀರಿ ಅಕ್ಕಾರ, ಮುಂದಿನ ಮನಿಗೆ” ಎಂದರು.

ಶ್ರಾವಣ ಬಂತು. ಅಂದು ಮಧ್ಯಾಹ್ನ ಜಿಟಿಜಿಟಿ ಮಳೆ. ಪಡಸಾಲೆಯ ಹಂಚು ಒಂದು ಮೂಲೆಯಲ್ಲಿ ಸೋರುತ್ತಿತ್ತು, ಮಕ್ಕಳು ಕೂರುವ ಜಾಗ ಒಣಗಿಯೇ ಇತ್ತು. ದೇವರು ಅಷ್ಟು ನೋಡಿಕೊಂಡಿದ್ದ. ಹುಡುಗಿಯನ್ನು ಪರಾತದ ಮುಂದೆ ಕೂರಿಸಿ, “ಗರಗಸ ಬರಿಯವ್ವಾ” ಎಂದೆ. ಗ, ರ, ಗ, ಸ. ನಾಲ್ಕಕ್ಕೂ ತಲೆಕಟ್ಟು ಬೇಕಾದ ಶಬ್ದ ಅದು. ತಲೆಕಟ್ಟು ಕಲಿಸಲು ಅದಕ್ಕಿಂತ ಒಳ್ಳೆಯ ಶಬ್ದ ಇಲ್ಲ.

ಅವಳು ನಾಲ್ಕೂ ಅಕ್ಷರದ ಮೈಯನ್ನು ಬರೆದಳು. ದುಂಡಗೆ, ಸಮನಾಗಿ. ಆಮೇಲೆ ಒಂದೊಂದಕ್ಕೂ ತಲೆಕಟ್ಟು ಇಡುವ ಬದಲು ಬೆರಳನ್ನು ಎಡಗಡೆಯಿಂದ ಬಲಗಡೆಗೆ ಸರ್ರನೆ ಎಳೆದುಬಿಟ್ಟಳು. ನಾಲ್ಕರ ನೆತ್ತಿಗೂ ಸೇರಿ ಒಂದೇ ಗೆರೆ.

ನಾನು ನಕ್ಕೆ. “ಏನಬೇ ಇದು, ನಾಕೂ ಮಂದಿಗೆ ಕೂಡಿ ಒಂದ ರುಮಾಲ ಸುತ್ತೀಯಲ್ಲ!”

ಮಕ್ಕಳೂ ನಕ್ಕವು. ಹುಡುಗಿಗೆ ಅವಮಾನವಾಯಿತೇನೋ, ತುಟಿ ಉಬ್ಬಿಸಿ ಹೇಳಿದಳು: “ನಮ್ಮ ಬಾಯಿ ಹಿಂಗ ಎಳೀಬೇಕ ಅಂತಾರ.”

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ‘ಬಾಯಿ’ ಎನ್ನುತ್ತಾರೆ. ಕನ್ನಡ ವರ್ಗದಲ್ಲಿ ಬಾಯಿ ಯಾರೂ ಇರಲಿಲ್ಲ. ಇದ್ದವರು ಮಾಸ್ತರರೊಬ್ಬರೇ.

“ಯಾವ ಬಾಯೀನವ್ವಾ?” ಎಂದೆ. ನನ್ನ ದನಿ ಮೆತ್ತಗೇ ಇತ್ತು.

ಅವಳು ಮರಳಿನ ಮೇಲಿನ ಗೆರೆಯನ್ನು ಅಂಗೈಯಿಂದ ಅಳಿಸಿದಳು. ಗದರಿದ್ದರೆ ಅತ್ತಾದರೂ ಹೇಳುತ್ತಿದ್ದಳು. ನಾನು ಉಳಿದ ಮಕ್ಕಳ ಕಡೆ ನೋಡಿದೆ. ನಗು ನಿಂತಿತ್ತು. ಒಬ್ಬರ ಮೋರೆ ಒಬ್ಬರು ನೋಡಿ, ಎಲ್ಲರೂ ಪಾಟಿಯ ಮೇಲೆ ಬಗ್ಗಿ ಬರೆಯತೊಡಗಿದರು. ಯಾರಿಗೂ ಏನನ್ನೂ ಬರೆಯಲು ನಾನು ಹೇಳಿರಲಿಲ್ಲ. ಆಗ ಗೊತ್ತಾಯಿತು. ನಾನು ರೊಟ್ಟಿ ಚೂರು ಕೊಟ್ಟು ಅಕ್ಷರ ತಿದ್ದಿಸಿದ ಈ ಸಣ್ಣ ಮಕ್ಕಳಿಗೂ ತಿಳಿದದ್ದು ನನಗೆ ತಿಳಿದಿರಲಿಲ್ಲ.

ಮಕ್ಕಳನ್ನು ಕಳಿಸಿ ಒಳಗೆ ಹೋದೆ. ನೆಗೆಣ್ಣಿ ರಾಟಿ ತಿರುವುತ್ತಿದ್ದಳು.

“ಹುಡುಗಿ ಯಾ ಸಾಳಿಗೆ ಹೊಕ್ಕಾಳ?”

ಅವಳು ರಾಟಿ ನಿಲ್ಲಿಸಲಿಲ್ಲ. “ಗೊತ್ತಾತೇನ್ರಿ ಅಕ್ಕಾ” ಎಂದಳು. ಹೆದರಿಕೆಯಿಂದಲ್ಲ. ಹೊತ್ತ ಕೊಡ ಇಳಿಸಿದವರು ಅನ್ನುತ್ತಾರಲ್ಲ, ಹಾಗೆ. “ಜೂನದಾಗ ಮುಂದಿನ ಸಾಳಿಗೆ ಹಾಕೀವ್ರಿ. ಮರಾಠಿಗೆ.”

“ಹಾಕೀವಿ ಅಂದ್ರ ಯಾರ್ಯಾರ?”

“ಎಲ್ಲಾರೂ ಕೂಡೇರಿ. ಆ ವಾರ ನಮ್ಮ ಮನಿಯವರದ ಹಗಲುಪಾಳಿ, ಸುಟ್ಟಿ ಸಿಗಲಿಲ್ಲ. ಭಾವಾರ ಬಂದ ಸಹಿ ಮಾಡಿದ್ರು.”

ಭಾವಾರು ಅಂದರೆ ನನ್ನ ಗಂಡ. ಮದುವೆಯಾದ ಹೊಸತರಲ್ಲಿ ಅವರು ಪಗಾರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಕೈ ಹಿಡಿದು ಹೆಸರು ಬರೆಯಲು ಕಲಿಸಿದವಳು ನಾನು. ಆ ಸಹಿಯನ್ನೇ ಅಲ್ಲಿ ಹಾಕಿ ಬಂದು, ಅದೇ ದಿನ ನಾನು ಮನೆಮನೆ ತಿರುಗಿ ತೊಯ್ದು ಬಂದಾಗ, “ಬಿಸಿನೀರ ಕಾಸ್ಕೊ, ನೆಗಡಿ ಆದೀತು” ಎಂದಿದ್ದರು.

“ನನಗ ಒಂದ ಮಾತ ಹೇಳಬಾರದಾಗಿತ್ತೇನ?”

“ಹೇಳಿದ್ರ ಬ್ಯಾಡ ಅಂತಿದ್ರಿ.”

“ನಿನ್ನ ಮಗಳಿಗೆ ನಾ ಬ್ಯಾಡ ಅಂತಿದ್ನಾ?”

“ಊರ ಮಂದಿಗೆ ಅನ್ನಾಕತ್ತೀರಿ, ನನಗ ಬಿಡ್ತಿದ್ರೇನ್ರಿ?” ರಾಟಿ ಈಗ ನಿಂತಿತು. “ಅಕ್ಕಾ, ಇಕಿಗೆ ಜ್ವರಾ ಬಂದಾಗ ಕೊಲ್ಹಾಪುರದ ದೊಡ್ಡ ದವಾಖಾನಿಗೆ ನಾ ಒಬ್ಬಾಕಿ ಹೋಗಿದ್ನಿ, ನೆಪ್ಪೈತೇನ್ರಿ? ಹಲಗಿ ಓದಾಕ ಬರಲಿಲ್ಲ. ಕಣ್ಣ ತೋರಸವ್ರ ಪಾಳೇದಾಗ ಹೋಗಿ ನಿಂತಿದ್ನಿ. ಹುಡುಗಿ ಮೈ ಹೆಂಚ ಆಗಿತ್ತು. ನನ್ನ ಪಾಳಿ ಬಂದಾಗ ಅವ ಡಾಕ್ಟರ ನಕ್ಕ. ನನ್ನ ಮಗಳ ಮುಂದ ಯಾರೂ ಹಂಗ ನಗಬಾರದ್ರಿ.”

ಮರಾಠಿ ಕಲಿಸಿದ್ದು ತಪ್ಪು ಎಂದು ನಾನು ಅಂದೂ ಅನ್ನಲಿಲ್ಲ.

“ಹಾಕಿದ್ದ ಹಾಕಿದ್ರಿ. ಅಕಿ ಕಡಿಂದ ಯಾಕ ಸುಳ್ಳ ಹೇಳಿಸಿದ್ರಿ?”

“ಸುಳ್ಳ ಹೇಳಸಲಿಲ್ರಿ. ದೊಡ್ಡವ್ವನ ಮುಂದ ಸುಮ್ಮನಿರು ಅಂದ್ವಿ, ಅಷ್ಟ.”

ಸಂಜೆ ಪಾಳಿ ಮುಗಿಸಿ ಬಂದ ಗಂಡನಿಗೆ ನೀರು ಕೊಟ್ಟೆ, ಊಟ ಬಡಿಸಿದೆ. ಆಮೇಲೆ ಕೇಳಿದೆ. ಅವರು ತಾಟಿನಿಂದ ತಲೆ ಎತ್ತಲಿಲ್ಲ. “ನಿನ್ನ ಜೀವಕ್ಕ ಹತ್ತತೈತಿ ಅಂತ ಹೇಳಲಿಲ್ಲ. ಹಿಂದಾಗಡೆ ಹೇಳಿದ್ರಾತು ಅಂದಕೊಂಡ್ವಿ.”

“ಹಿಂದಾಗಡೆ ಅಂದ್ರ ಯಾವಾಗ್ರಿ? ನಾ ಇನ್ನೂ ಎಷ್ಟ ಮಂದಿ ಬಾಗಲಾ ಬಡದ ಮ್ಯಾಲೆ?”

“ಸಣ್ಣ ಮಾತು ದೊಡ್ಡದ ಮಾಡಬ್ಯಾಡ. ಹುಡುಗಿ ಮಧ್ಯಾಹ್ನ ನಿನ್ನ ಹಂತ್ಯಾಕ ಬಂದ ಕನ್ನಡ ಬರೀತಾಳಿಲ್ಲೊ?”

ಬರೆಯುತ್ತಿದ್ದಳು, ಹೌದು. ಅದೇ ನನ್ನ ಎದೆಗೆ ನಾಟಿದ್ದು. ಬೆಳಿಗ್ಗೆ ಮುಂದಿನ ಕೋಣೆಗೆ ಹೋಗಿ, ಮಧ್ಯಾಹ್ನ ನನ್ನ ಮುಂದೆ ಕೂತು, ಇವತ್ತು ಮಾಸ್ತರರು ಏನು ಕಲಿಸಿದರವ್ವ ಎಂದು ನಾನು ಕೇಳಿದಾಗಲೆಲ್ಲ ಏನೋ ಒಂದು ಹೇಳುತ್ತಿದ್ದಳು. ಮಾಸ್ತರರು ಕಥೆ ಹೇಳಿದರು, ಮಾಸ್ತರರು ಕೆಮ್ಮುತ್ತಿದ್ದರು. ಸುಮ್ಮನಿರು ಎಂದಷ್ಟೇ ಹೇಳಿದ್ದರೆ ಅವಳಿಗೆ ಈ ಕೆಮ್ಮು ಎಲ್ಲಿಂದ ಬಂತು?

ಮರುದಿನ ದೇವರ ಪೂಜೆ ಮುಗಿಸಿ ಸೀದಾ ಮಾಸ್ತರರ ಕಡೆ ಹೋದೆ. ಪಾಪ, ಅವರಿಗೂ ಹೀಗೇ ಮೋಸವಾಗಿರಬೇಕು, ನಾನೇ ತಿಳಿಸಬೇಕು ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಹಲಗೆ ಒರೆಸುತ್ತಿದ್ದರು. ನನ್ನನ್ನು ಕಂಡದ್ದೇ ಅವರ ಕೈ ನಿಧಾನವಾಯಿತು. ಅವರಿಗೂ ಎಲ್ಲ ಗೊತ್ತಿತ್ತು ಎಂಬುದು ನಾನು ಬಾಯಿ ತೆರೆಯುವ ಮೊದಲೇ ತಿಳಿದುಹೋಯಿತು.

“ಮಾಸ್ತರ್ರ, ನಮ್ಮ ಹುಡುಗಿ ಹೆಸರ ನಿಮ್ಮ ವರ್ಗದಾಗ ಕೂಗ್ತೀರೇನ್ರಿ?”

“ಕೂಗ್ತೇನ್ರಿ” ಎಂದರು ನೆಲ ನೋಡುತ್ತ. “ಅಕಿ ಒಂದ ದಿನಾ ಬರದಿದ್ರೂ ಹಾಜರೀನೂ ಹಾಕ್ತೇನಿ.”

“ನನ್ನ ಕೂಡ ಮಳ್ಯಾಗ ತಿರಗಿದ್ರೆಲ್ರಿ. ಆ ಮುದುಕಿ ಅಂದಾಗ ನಿಮಗ ತಿಳದಿತ್ತು.”

“ಖರೆ ಹೇಳಿದ್ರ ನೀವು ಹುಡುಗೂರಿಗೆ ತಿದ್ದಸೋದ ಬಿಡ್ತಿದ್ರಿ. ಅಕ್ಕಾರ, ಇವರೆಲ್ಲಾ ಈ ವರ್ಗದಾಗ ಉಳದಿದ್ದ ನಿಮ್ಮ ಕೈಯಿಂದ್ರಿ.” ಆಮೇಲೆ ದನಿ ಇಳಿಸಿದರು. “ಸೋಮಾರ ತಪಾಸಣಿ ಐತ್ರಿ. ಸಾಹೇಬರು ತಲಿ ಎಣಸಾಕ ಬರಾಕತ್ಯಾರ. ಒಂದ ದಿನಾ ಹುಡುಗೀನ ಹಿಂದ ಕಳಿಸಿಕೊಡ್ರಿ. ಹಲಗಿ ಮ್ಯಾಗ ಎರಡ ಸಾಲ ಬರಸ್ತೇನಿ. ಆ ಅಕ್ಷರ ನೋಡಿದ್ರ ಸಾಹೇಬರು ಮಾತಾಡಂಗಿಲ್ಲ. ಅಕಿ ಅವ್ವ ಹೂಂ ಅಂದಾಳ.”

ನನಗಿಂತ ಮೊದಲು ನೆಗೆಣ್ಣಿಯನ್ನು ಕೇಳಿ ಒಪ್ಪಿಸಿಯೂ ಆಗಿತ್ತು. ಪುಣ್ಯದ ಮಾತು ಹೇಳಿ ಕರೆದವರು ಅವರು. ನಮ್ಮ ಕಟ್ಟೆಯ ಮೇಲೆ ಕೂತು, ನನ್ನ ಕೈಯ ಚಹ ಕುಡಿದು, ತಮ್ಮ ವರ್ಗಕ್ಕೆ ಕಾಲೇ ಇಡದ ಹುಡುಗಿಯನ್ನು ಬಂಗಾರ ಎಂದವರು ಅವರು. ಗಂಡ ಮುಚ್ಚಿಟ್ಟದ್ದು ಮನೆಯ ಶಾಂತಿಗೆ, ನೆಗೆಣ್ಣಿ ಮುಚ್ಚಿಟ್ಟದ್ದು ಮಗಳಿಗೆ. ಮಾಸ್ತರರನ್ನು ನಾನು ಗುರುವಿನ ಸಾಲಿನಲ್ಲಿ ಕೂರಿಸಿದ್ದೆ. ಅವರ ಮುಂದೆ ಅಳಬಾರದೆಂದು ತಿರುಗಿ ಬಂದೆ.

ಸೋಮವಾರದ ತನಕ ನನ್ನ ಜೀವ ಎರಡು ಕಡೆ ಎಳೆಯಿತು. ಕಳಿಸದಿದ್ದರೆ ನಿಜವಾಗಿ ಕನ್ನಡ ಕಲಿಯುತ್ತಿದ್ದ ಆ ಮಕ್ಕಳ ವರ್ಗ ಹೋಗುತ್ತದೆ. ಕಳಿಸಿದರೆ ನನ್ನ ಕೈಯಾರೆ ಮಗುವಿನಿಂದ ಹಲಗೆಯ ಮೇಲೆ ಸುಳ್ಳು ಬರೆಸಿದ ಹಾಗೆ. ದೀಪದ ಮುಂದೆ ಕೂತು ತಾಯಿಯನ್ನು ಕೇಳಿದೆ. ಅವಳು ಏನನ್ನೂ ಹೇಳಲಿಲ್ಲ. ನಿದ್ದೆ ಮಾತ್ರ ಕೊಟ್ಟಳು, ಅಷ್ಟಾದರೂ ಕೊಟ್ಟಳು.

ಸೋಮವಾರ ಬೆಳಿಗ್ಗೆ ನೆಗೆಣ್ಣಿ ಹುಡುಗಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದಳು. “ನೀವ ಕರಕೊಂಡ ಹೋಗ್ರಿ ಅಕ್ಕಾ. ನಿಮ್ಮ ವರ್ಗ ಉಳೀಲಿ” ಎಂದಳು. ನನಗೆ ಏನೋ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವ ಅವಳ ಮೋರೆಯ ಮೇಲಿತ್ತು. ಒಳ್ಳೆಯ ಮನಸ್ಸಿನಿಂದಲೇ ಅಂದಳು.

ಗೇಟಿನ ತನಕ ಹುಡುಗಿ ಕುಣಿಯುತ್ತ ಬಂದಳು. ಒಳಗೆ ಕಾಲಿಟ್ಟಾಗ ಹಿಂದಿನ ಕೋಣೆಯ ಮೂಲೆಯಲ್ಲಿ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತದ್ದು ಕಾಣಿಸಿತು. ಕೈ ಬೀಸಿ ಕರೆದರು. ಹುಡುಗಿ ನನ್ನ ಸೆರಗು ಜಗ್ಗಿ, ಮಗ್ಗಿ ಒಪ್ಪಿಸಿದ ಹಾಗೆ ಹೇಳಿದಳು: “ದೊಡ್ಡವ್ವಾ, ಇವತ್ತ ಹಿಂದ, ನಾಳಿಂದ ಮುಂದ. ಸಾಹೇಬರು ಕೇಳಿದ್ರ ದಿನಾ ಬರತೇನಿ ಅನ್ನಬೇಕು. ಹೌದಿಲ್ಲೊ?”

ಒಂದು ಅಕ್ಷರವೂ ತಪ್ಪದಂತೆ ಯಾರೋ ತಿದ್ದಿಸಿದ್ದರು. ನಾನು ಅವಳ ಕೈ ಹಿಡಿದು ಮುಂದಿನ ಶಾಲೆಯ ಮೆಟ್ಟಿಲ ಕಡೆ ನಡೆದೆ. ಹಿಂದಿನಿಂದ “ಅಕ್ಕಾರ, ಅಕ್ಕಾರ” ಎಂದು ಕೂಗಿದ್ದು ಕೇಳಿಸಿತು. ತಿರುಗಲಿಲ್ಲ. ಆ ವರ್ಗ ಅದೇ ವರ್ಷ ಮುಚ್ಚಿತು. ಒಬ್ಬಳು ಹುಡುಗಿ ಇದ್ದಿದ್ದರೆ ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಯುತ್ತಿತ್ತು ಎಂದು ಮಾಸ್ತರರು ಓಣಿಯಲ್ಲೆಲ್ಲ ಹೇಳಿದರು. ಕನ್ನಡಕ್ಕೆ ನಾನೇ ಕೊಳ್ಳಿ ಇಟ್ಟೆ ಎಂದು ಕೆಲವರು ನನ್ನೊಡನೆ ಮಾತು ಬಿಟ್ಟರು.

ಮೆಟ್ಟಿಲ ಮೇಲೆ ಬಾಯಿ ನಿಂತಿದ್ದರು. ಇನ್ನೂ ಚಿಕ್ಕ ವಯಸ್ಸಿನವರು, ನಗುಮುಖ. ಹುಡುಗಿಯ ತಲೆ ಸವರಿ ಮರಾಠಿಯಲ್ಲಿ ಹೇಳಿದರು: “ಕಾಯ್ ಸುಂದರ್ ವಳಣ್ ಆಹೇ ಹಿಚ್ಯಾ ಅಕ್ಷರಾಲಾ! ಕುಣೀ ಲಾವಲಂ ಗಂ?” ಮರಾಠಿಯಲ್ಲಿ ಅಕ್ಷರದ ಚೆಲುವಿಗೂ ಮಕ್ಕಳ ಒಳ್ಳೆಯ ನಡತೆಗೂ ಒಂದೇ ಮಾತು, ವಳಣ. ಎಷ್ಟು ಚೆಂದದ ವಳಣ, ಯಾರು ಕಲಿಸಿದರು ಎಂದು ಅವರು ಕೇಳಿದ್ದು.

ಹುಡುಗಿ ನನ್ನ ಕಡೆ ನೋಡಲಿಲ್ಲ. ತಡವರಿಸಲೂ ಇಲ್ಲ.

“ಆಯೀನಂ” ಎಂದಳು. ಅವ್ವ ಕಲಿಸಿದಳು ಎಂದು.

ಬಾಯಿ ನನ್ನ ಕಡೆ ತಿರುಗಿ ಕೈ ಮುಗಿದರು. “ತುಮ್ಹೀಚ್ ಕಾ ಆಯೀ?” ಆ ಅವ್ವ ನೀವೇ ಏನು?

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರಿಗೂ ನಷ್ಟವಿರಲಿಲ್ಲ.

“ನಾಹೀ ಬಾಯೀ. ಮೀ ಚುಲತೀ” ಎಂದೆ. ಅಲ್ಲ, ನಾನು ದೊಡ್ಡವ್ವ.

ಹಾಗಾದರೆ ಅವಳ ತಾಯಿಗೆ ಹೇಳಿ, ಬಾಯಿ ಬಹಳ ಮೆಚ್ಚಿದ್ದಾರೆ ಎಂದು ಹೇಳಿ ಎಂದರು. ಹೇಳುತ್ತೇನೆ ಎಂದೆ. ಹುಡುಗಿ ಓಡಿ ಒಳಗೆ ಹೋದಳು.

ಮನೆಗೆ ಬಂದಾಗ ನೆಗೆಣ್ಣಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. “ಆತೇನ್ರಿ ಅಕ್ಕಾ ತಪಾಸಣಿ?” ಎಂದಳು.

“ಮುಂದಿನ ಸಾಳ್ಯಾಗ ಬಿಟ್ಟ ಬಂದ್ನಿ. ಅಲ್ಲಿ ಬಾಯಿ ನಿನಗ ಹೇಳಂದಾರ. ಮಗಳಿಗೆ ಭಾಳ ಚಂದ ಅಕ್ಷರ ಕಲಿಸಿಯಂತ. ಅವ್ವ ಕಲಿಸ್ಯಾಳ ಅಂತ ಹುಡುಗಿ ಹೇಳಿದ್ಲು.”

ಮೊರ ಅವಳ ಮಡಿಲಿಗೆ ಇಳಿಯಿತು. ತನ್ನ ಹೆಸರು ಬರೆಯಲೂ ಬಾರದ ತನ್ನ ಎರಡು ಕೈಗಳನ್ನು ಅವಳು ನೋಡಿಕೊಂಡಳು.

“ಅದನ್ನ ನಾ ಹೇಳಿಕೊಟ್ಟಿರಲಿಲ್ರಿ ಅಕ್ಕಾ” ಎಂದಳು. “ಉಳದ ಸುಳ್ಳೆಲ್ಲಾ ನಾ ಹೇಳಿಕೊಟ್ಟೇನಿ. ಅದೊಂದ ಮಾತ್ರ ನಾ ಹೇಳಿಕೊಟ್ಟಿಲ್ಲ.”

ನಿಜವನ್ನೇ ಹೇಳುತ್ತಿದ್ದಳು, ನನಗೆ ಗೊತ್ತಿತ್ತು. ಅವಳ ಪಕ್ಕದಲ್ಲಿ ಕೂತು ಮೊರವನ್ನು ನನ್ನ ಕಡೆ ಎಳೆದುಕೊಂಡೆ.